ರೋಮನ್ ಲಿಪಿಯೂ ಜಪಾನೀ ನುಡಿಯ ಉಚ್ಚಾರವೂ

ಕುಂದಾಪುರಕ್ಕೂ ಬೈಂದೂರಿಗೂ ನಡುವೆ ಕಡಲ ತಡಿಯಲ್ಲಿರುವ ನಾವುಂದದ ಹೆಸರನ್ನು ರೋಮನ್ ಅಕ್ಷರಗಳಲ್ಲಿ ಬರೆದರೆ, ಊರನ್ನರಿಯದವನು ಅದನ್ನು ‘ನವುಂಡ’ ಎಂದು ಓದುವ ಸಂಭವವುಂಟು. ವಾಡಿಕೆಯ ಆ ಬರಹದಲ್ಲಿ ದೀರ್ಘಕ್ಕೆ ಗುರುತಿಲ್ಲ. ದಕಾರ ಡಕಾರಗಳೆರಡಕ್ಕೂ ಅಕ್ಷರವೊಂದೇ. ಊರವನು ಮಾತ್ರ ತಪ್ಪನು. ಏಕೆಂದರೆ ಅವನು ಆ ಹೆಸರನ್ನು ಓದುವುದಕ್ಕೆ ಮೊದಲೇ ಕೇಳಿರುವನು. ಜಪಾನೀ ಭಾಷೆಯ ಉಚ್ಚಾರವನ್ನು ರೋಮನ್ ಲಿಪಿಯನ್ನು ನಂಬಿ ಕಲಿಯಬಹುದೇ ಎಂಬ ಪ್ರಶ್ನೆಯ ತಿರುಳೂ ಇದೇ ಆಗಿದೆ.

ಈ ಪ್ರಶ್ನೆಯ ಇತಿಹಾಸವು ನಮ್ಮ ಕರಾವಳಿಗೆ ತೀರ ದೂರದ್ದಲ್ಲ. 1569ರಲ್ಲಿ ಬಸರೂರಿನ ಕೋಟೆಯನ್ನು ಹಿಡಿದ ಪೋರ್ತುಗೀಸರು ಆ ಊರ ಹೆಸರನ್ನು ತಮ್ಮ ಕಿವಿಗೆ ಒಗ್ಗಿದಂತೆ ‘ಬಾರ್ಸೆಲೋರ್’ ಎಂದು ಬರೆದರು. ಅವರದೇ ಆಗಿದ್ದ ಗೋವೆಯ ಮಾರ್ಗವಾಗಿ, ಜೆಸುಯಿಟ್ ಪಾದ್ರಿ ವಲಿನ್ಯಾನೊ 1590ರಲ್ಲಿ ಅಚ್ಚಿನ ಯಂತ್ರವೊಂದನ್ನು ಜಪಾನಿಗೆ ಒಯ್ದನು. 1603ರಲ್ಲಿ ನಾಗಸಾಕಿಯಲ್ಲಿ ಜೆಸುಯಿಟರು ಅಚ್ಚುಮಾಡಿಸಿದ ಜಪಾನೀ–ಪೋರ್ತುಗೀಸ್ ನಿಘಂಟು, ಜಪಾನೀ ಶಬ್ದಗಳನ್ನು ರೋಮನ್ ಅಕ್ಷರಗಳಲ್ಲಿಯೇ ಕೊಟ್ಟಿತು.

ಆ ಬರಹದಿಂದ ವಿದ್ವಾಂಸರಿಗೆ ಆದ ಲಾಭ ಅಲ್ಪವಲ್ಲ. ಇಂದು ಹಕಾರದಿಂದ ತೊಡಗುವ ‘ಹೇಕೆ’ ಎಂಬ ವಂಶನಾಮವು ಪಾದ್ರಿಗಳ ಗ್ರಂಥಗಳಲ್ಲಿ ‘ಎಫ್’ ಅಕ್ಷರದಿಂದ ತೊಡಗುವುದು. ಅಂದಿನ ಧ್ವನಿಯು ತುಟಿಗಳ ನಡುವೆ ಹುಟ್ಟುತ್ತಿದ್ದ ಊಷ್ಮ; ಅದಕ್ಕೂ ಪೂರ್ವದಲ್ಲಿ ಅದು ಪಕಾರವಾಗಿದ್ದಿತು. ‘ಪುಲಿ’ಯು ‘ಹುಲಿ’ಯಾದುದನ್ನು ಬಲ್ಲ ಕನ್ನಡಿಗನಿಗೂ, ‘ಪಿಲಿ’ಯನ್ನು ಉಳಿಸಿಕೊಂಡಿರುವ ತುಳುವನಿಗೂ ಈ ಮಾರ್ಪಾಡು ಅಪರಿಚಿತವೆನಿಸದು.

ಆದರೆ ಸಾಕ್ಷಿಯಾಗಬಲ್ಲ ಲಿಪಿಯೆಲ್ಲವೂ ಗುರುವಾಗಲಾರದು. ಅಮೆರಿಕದ ಹೆಪ್‌ಬರ್ನನು 1867ರಲ್ಲಿ ನಿಘಂಟನ್ನು ಪ್ರಕಟಿಸಿದನು. 1886ರ ಮೂರನೆಯ ಆವೃತ್ತಿಯಿಂದ ಪ್ರಚಾರಕ್ಕೆ ಬಂದ ಪದ್ಧತಿಯು ವ್ಯಂಜನಗಳಲ್ಲಿ ಇಂಗ್ಲಿಷನ್ನು ಅನುಸರಿಸುವುದು. 1885ರಲ್ಲಿ ತನಕದತೆ ಐಕಿತ್ಸು ಎಂಬ ಭೌತವಿಜ್ಞಾನಿಯು ಹೂಡಿದ ಇನ್ನೊಂದು ಪದ್ಧತಿಯು ಜಪಾನೀ ‘ಕನ’ ಲಿಪಿಯ ವರ್ಗಕ್ರಮವನ್ನು ಅನುಸರಿಸಿತು. 1937ರ ಸರಕಾರೀ ಪದ್ಧತಿಯು ಇದಕ್ಕೇ ಸಮೀಪವಾದುದು. ಆದುದರಿಂದ ಫುಜಿ ಪರ್ವತದ ಮೊದಲಕ್ಷರವನ್ನು ಒಬ್ಬನು ‘ಎಫ್’ನಿಂದಲೂ ಮತ್ತೊಬ್ಬನು ‘ಎಚ್’ನಿಂದಲೂ ಬರೆಯುವನು. ಜಪಾನಿಯ ಬಾಯಲ್ಲಿ ಮಾತ್ರ ಧ್ವನಿ ಒಂದೇ; ಅದು ಇಂಗ್ಲಿಷಿನ ‘ಎಫ್’ ಅಲ್ಲ, ನಮ್ಮ ಹಕಾರವೂ ಅಲ್ಲ.

ಇಂಗ್ಲಿಷಿನ ಮೂಲಕ ಬಂದ ಓದಿನಿಂದ ಕನ್ನಡಿಗನಿಗಾಗುವ ನಷ್ಟಕ್ಕೆ ‘ಟೋಕಿಯೊ’ ಎಂಬ ನಮ್ಮ ರೂಢಿಯ ರೂಪವೇ ನಿದರ್ಶನ. ಜಪಾನೀ ಉಚ್ಚಾರಕ್ಕೆ ‘ತೋಕ್ಯೋ’ ಎಂಬುದು ಹೆಚ್ಚು ಹತ್ತಿರ. ತಕಾರ, ದೀರ್ಘಸ್ವರಗಳೆರಡು, ಯಕಾರದ ಒತ್ತು, ಇವೆಲ್ಲವೂ ನಮ್ಮ ಲಿಪಿಯಲ್ಲಿ ಸಿದ್ಧವಾಗಿಯೇ ಇವೆ. ಹ್ರಸ್ವದೀರ್ಘಗಳ ಭೇದ ಅಲ್ಲಿಯೂ ಅರ್ಥವನ್ನೇ ಬದಲಿಸುವುದು: ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ.

ಹಾಗೆಂದು ಕನ್ನಡ ಲಿಪಿಯೂ ಪೂರ್ಣಪ್ರಮಾಣವಲ್ಲ. ‘ಹಶಿ’ ಎಂಬ ಶಬ್ದವು ತೋಕ್ಯೋ ನುಡಿಯಲ್ಲಿ ಮೊದಲಕ್ಷರ ಏರಿದರೆ ಊಟದ ಕಡ್ಡಿ, ಎರಡನೆಯದು ಏರಿದರೆ ಸೇತುವೆ. ಈ ಏರಿಳಿತವನ್ನು ನಮ್ಮ ಲಿಪಿ ತೋರಿಸದು, ವಾಡಿಕೆಯ ರೋಮನ್ ಬರಹವೂ ತೋರಿಸದು. ಜಪಾನಿನ ಸ್ವಂತ ಕನವೂ ತೋರಿಸದು.

1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ಕನ್ನಡ ನಿಘಂಟು ಇಲ್ಲಿ ದಾರಿದೀಪವಾಗಬಲ್ಲುದು. ಅದರಲ್ಲಿ ಚಿಹ್ನೆಗಳಿಂದ ಕೂಡಿದ ರೋಮನ್ ರೂಪವು ಕನ್ನಡ ಪದದ ಪಕ್ಕದಲ್ಲಿ ನಿಂತಿದೆ. ಅದರ ಸ್ಥಾನದಲ್ಲಿ ಅಲ್ಲ. ಜಪಾನೀ ಕಲಿಯುವವನಿಗೂ ರೋಮನ್ ಬರಹಕ್ಕೆ ಆ ಪಕ್ಕದ ಪೀಠವೇ ತಕ್ಕುದು. ಕನವನ್ನು ಕಲಿಯುವವರೆಗೆ ಅದು ಊರುಗೋಲು. ಉಚ್ಚಾರದ ಪ್ರಮಾಣವೋ, ಆ ನುಡಿಯನ್ನಾಡುವವನ ಬಾಯಿ ಮತ್ತು ಕಲಿಯುವವನ ಕಿವಿ.