ಸರ್ಕಾರದ ದುಡ್ಡು ಬಿದ್ದ ನೀರು: ಬಾಬಾಸಾಹೇಬರು ಮತ್ತು ಅಣೆಕಟ್ಟುಗಳ ಲೆಕ್ಕ



ಬಜೆಟ್ ಬಂದಾಗೆಲ್ಲ ನಮ್ಮ ಗ್ರೂಪುಗಳಲ್ಲಿ ಒಂದೇ ಥರದ ಮೆಸೇಜು ಓಡಾಡುತ್ತೆ. "ನೀರಾವರಿಗೆ ಸಾವಿರಾರು ಕೋಟಿ ಸುರೀತಾರೆ, ಎಲ್ಲ ಗುತ್ತಿಗೆದಾರರ ಪಾಲು. ನಾಲೆ ನೀರು ಹೋಗೋದು ಗೌಡರ ಗದ್ದೆಗೆ, ಸಾಹುಕಾರರ ಕಬ್ಬಿಗೆ. ನಮಗೇನು ಬಂತು? ನಿಲ್ಲಿಸಿಬಿಡಲಿ." ಇನ್ನೊಂದು ಕಡೆ ಪರಿಸರದ ಗೆಳೆಯರು, "ದೊಡ್ಡ ಯೋಜನೆ ಬೇಡ, ಊರ ಕೆರೆ ಊರಿಗೇ ಬಿಡಿ" ಅಂತಾರೆ.

ಈ ಸಿಟ್ಟು ಸುಳ್ಳಲ್ಲ. ನನಗೂ ಇದೆ. ಆದರೆ ಸಿಟ್ಟಿನಲ್ಲಿ ನಾವು ಯಾವ ಮಾತು ಆಡ್ತಿದ್ದೀವಿ ಅಂತ ಒಂದು ಗಳಿಗೆ ಯೋಚನೆ ಮಾಡಬೇಕು. ಸರ್ಕಾರ ನೀರಿಗೆ ದುಡ್ಡು ಹಾಕೋದು ಬೇಡ ಅನ್ನೋದು ನಮ್ಮ ಚಳವಳಿಯ ಮಾತಲ್ಲ. ನಮ್ಮ ಇತಿಹಾಸ ಹೇಳೋದು ಅದಕ್ಕೆ ಪೂರ್ತಿ ತಿರುಗಾಮುರುಗಾ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ಮಹಾಡ್‌ನಿಂದಲೇ ಶುರು ಮಾಡೋಣ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆಯ ನೀರು ಮುಟ್ಟಿದ್ದು ನಮಗೆಲ್ಲ ಗೊತ್ತು. ಆದರೆ ಯಾವ ಆಧಾರದ ಮೇಲೆ ಮುಟ್ಟಿದರು? ಅದನ್ನ ನಾವು ಹೆಚ್ಚು ಮಾತಾಡಲ್ಲ. 1923ರ ಆಗಸ್ಟ್ 4ರಂದು ಎಸ್.ಕೆ. ಬೋಲೆಯವರು ಮುಂಬಯಿ ಶಾಸನ ಸಭೆಯಲ್ಲಿ ಒಂದು ನಿರ್ಣಯ ಪಾಸು ಮಾಡಿಸಿದ್ದರು. ಸಾರ್ವಜನಿಕ ಹಣದಿಂದ ಕಟ್ಟಿದ, ನಡೆಸುವ ಅಥವಾ ಸರ್ಕಾರ ನೇಮಿಸಿದ, ಕಾನೂನಿನಿಂದ ಹುಟ್ಟಿದ ಸಂಸ್ಥೆಗಳ ಕೈಯಲ್ಲಿರುವ ಬಾವಿ, ಕೆರೆ, ಧರ್ಮಶಾಲೆ ಎಲ್ಲವೂ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ಮಹಾಡ್ ಪುರಸಭೆ 1924ರಲ್ಲಿ ಅದನ್ನ ಒಪ್ಪಿ ತನ್ನ ಕೆರೆಗೂ ಅನ್ವಯಿಸಿತು. ಕಾಗದದ ಮೇಲೆ ಮಾತ್ರ. ಆ ಕಾಗದವನ್ನ ನಿಜ ಮಾಡೋಕೆ ಹೋದದ್ದೇ ಮಹಾಡ್ ಸತ್ಯಾಗ್ರಹ.

ಆಮೇಲೆ ಸವರ್ಣೀಯರು ಏನು ಮಾಡಿದರು? ಗಂಜಲ, ಸಗಣಿ ಹಾಕಿ ಕೆರೆ 'ಶುದ್ಧಿ' ಮಾಡಿದ್ದು ಒಂದು. ಅದಕ್ಕಿಂತ ಹುಷಾರಾದ ಕೆಲಸ ಇನ್ನೊಂದು ಮಾಡಿದರು. ಕೋರ್ಟಿಗೆ ಹೋಗಿ, ಈ ಕೆರೆ ಸಾರ್ವಜನಿಕರದ್ದೇ ಅಲ್ಲ, ನಮ್ಮ ಖಾಸಗಿ ಸ್ವತ್ತು, ಅನಾದಿ ಕಾಲದಿಂದ ನಮ್ಮದೇ ಪದ್ಧತಿ ಅಂದರು. ಅವರಿಗೆ ಗೊತ್ತಿತ್ತು: ನೀರು ಸರ್ಕಾರದ್ದು ಅಂತಾದರೆ ನಮ್ಮನ್ನ ತಡೆಯೋಕೆ ಆಗಲ್ಲ, ಖಾಸಗಿ ಅಂತಾದರೆ ತಡೀಬಹುದು. 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟಿನಲ್ಲಿ ಅವರ ವಾದ ಬಿತ್ತು. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಇದೇ ಪಾಠ ಸಂವಿಧಾನಕ್ಕೆ ಬಂತು. 15(2)ನೇ ವಿಧಿ ತೆಗೆದು ನೋಡಿ. ಪೂರ್ತಿಯಾಗಲಿ ಭಾಗಶಃ ಆಗಲಿ ಸರ್ಕಾರದ ಹಣದಿಂದ ನಡೆಯುವ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಬಳಸೋಕೆ ಜಾತಿ, ಧರ್ಮದ ಹೆಸರಲ್ಲಿ ಯಾರನ್ನೂ ತಡೆಯುವಂತಿಲ್ಲ. ಸಾರ್ವಜನಿಕರ ಬಳಕೆಗೆ ಬಿಟ್ಟಿದ್ದಕ್ಕೂ ಇದೇ ಮಾತು. ಸರ್ಕಾರದ ಹಣ ಬಿದ್ದ ಜಾಗದಲ್ಲಿ ನಮ್ಮ ಹಕ್ಕಿಗೆ ಕಾನೂನಿನ ಕಾಲು ಹುಟ್ಟಿಕೊಳ್ಳುತ್ತೆ. ಹಣ ಬೀಳದ ಜಾಗದಲ್ಲಿ ಊರ ಯಜಮಾನನ ಮರ್ಜಿ.

'ಊರ ಕೆರೆ ಊರಿಗೇ ಬಿಡಿ' ಅನ್ನೋರಿಗೂ ಒಂದು ಮಾತು. ಹಳೇ ಮೈಸೂರು ಕಡೆ, ಕೋಲಾರದ ಕಡೆ ಎಷ್ಟೋ ಊರಲ್ಲಿ ನೀರಗಂಟಿ ಕೆಲಸ ನಮ್ಮವರದೇ. ಏರಿ ಕಾಯೋದು, ರಾತ್ರಿಯೆಲ್ಲ ನಿದ್ದೆಗೆಟ್ಟು ತೂಬು ಎತ್ತೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚೋದು. ನೀರಿನ ಜ್ಞಾನ ಪೂರ್ತಿ ನಮ್ಮ ಕೈಲಿತ್ತು. ಗದ್ದೆ ಮಾತ್ರ ಅವರದ್ದು. ಸುಗ್ಗಿಯಲ್ಲಿ ಕಣದ ಮೂಲೇಲಿ ನಿಂತು ಒಂದು ಮೊರ ಭತ್ತ ಈಸ್ಕೊಳ್ಳೋದು ನಮ್ಮ ಪಾಲು. ಹೊಲಕ್ಕೆ ನೀರು ಬಿಟ್ಟ ಅದೇ ಕೈ ಊರಬಾವಿಯ ಹಗ್ಗ ಮುಟ್ಟೋ ಹಾಗಿಲ್ಲ. ಇವತ್ತು ವಿಚಾರ ಸಂಕಿರಣಗಳಲ್ಲಿ 'ಪಾರಂಪರಿಕ ಜಲಜ್ಞಾನ' ಅಂತ ಹೊಗಳೋದು ಇದನ್ನೇ. ಹಳ್ಳಿಯನ್ನ ಪುಟ್ಟ ಗಣರಾಜ್ಯ ಅಂತ ಮೆಚ್ಚಿಕೊಳ್ಳುವವರನ್ನ ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಯಾಕೆ ಅಷ್ಟು ಕಟುವಾಗಿ ಟೀಕಿಸಿದರು ಅಂತ ಇಲ್ಲಿ ಅರ್ಥ ಆಗುತ್ತೆ. ಕೆರೆ ಉಳೀಬೇಕು, ಹೂಳೆತ್ತಬೇಕು, ಅದರಲ್ಲಿ ಎರಡು ಮಾತಿಲ್ಲ. ಯಜಮಾನಿಕೆ ಉಳೀಬಾರದು.

ಈಗ ಮುಖ್ಯ ಕಥೆಗೆ ಬರ್ತೀನಿ.

1942ರ ಜುಲೈನಿಂದ 1946ರವರೆಗೆ ಬಾಬಾಸಾಹೇಬರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರು. ಈಗಿನ ಲೆಕ್ಕದಲ್ಲಿ ಕೇಂದ್ರ ಮಂತ್ರಿ. ಅವತ್ತು ನೀರಾವರಿ, ವಿದ್ಯುತ್ ಎರಡೂ ಕಾರ್ಮಿಕ ಇಲಾಖೆಯ ಕೆಳಗೇ ಬರ್ತಿದ್ದವು. 1943ರಲ್ಲಿ ಬಂಗಾಳ ಬರಗಾಲದಲ್ಲಿ ಸಾಯ್ತಿತ್ತು. ಅದೇ ವರ್ಷ ಜುಲೈನಲ್ಲಿ ದಾಮೋದರ ನದಿ ಒಡ್ಡು ಒಡೆದು ರೈಲು ಹಳಿ, ರಸ್ತೆ ಕೊಚ್ಚಿಹೋಗಿ ಕಲ್ಕತ್ತೆಗೆ ಸಂಪರ್ಕವೇ ಕಡಿದುಹೋಯಿತು. ಯುದ್ಧದ ಕಾಲ, ಬ್ರಿಟಿಷರಿಗೂ ಬಿಸಿ ತಟ್ಟಿತು. ವಿಚಾರಣಾ ಸಮಿತಿ ಬಂತು, ಅದರಲ್ಲಿ ವಿಜ್ಞಾನಿ ಮೇಘನಾದ ಸಹಾ ಇದ್ದರು. ಅಮೆರಿಕದ ಟೆನೆಸ್ಸಿ ಕಣಿವೆ ಯೋಜನೆಯ ಎಂಜಿನಿಯರ್ ವೂರ್ಡುಯಿನ್ ಬಂದು ದಾಮೋದರಕ್ಕೆ ನಕ್ಷೆ ಬರೆದರು.

ಅಲ್ಲಿಯವರೆಗೆ ಬ್ರಿಟಿಷರ ನೀತಿ ಏನಿತ್ತು? ನೀರಾವರಿ ಅಂದರೆ ಬಡ್ಡಿ ಲೆಕ್ಕ. ಹಾಕಿದ ಬಂಡವಾಳಕ್ಕೆ ಕಂದಾಯದಿಂದ ಬಡ್ಡಿ ಹುಟ್ಟಿದರೆ ಅದು 'ಉತ್ಪಾದಕ' ಕಾಮಗಾರಿ, ಹುಟ್ಟದಿದ್ದರೆ ಕಷ್ಟ. 1876-78ರ ಮಹಾಕ್ಷಾಮದಲ್ಲಿ ಜನ ಹುಳಗಳ ಹಾಗೆ ಸತ್ತಮೇಲೆ, 1880ರ ಕ್ಷಾಮ ಆಯೋಗ ಹೇಳಿದಮೇಲೆ, ಲಾಭ ಹುಟ್ಟದಿದ್ದರೂ ಪ್ರಾಣ ಉಳಿಸೋ 'ರಕ್ಷಣಾತ್ಮಕ' ಕಾಮಗಾರಿ ಅನ್ನೋ ಮಾತಿಗೆ ತೂಕ ಬಂತು. ನಮ್ಮ ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ಚಿಲ್ಲರೆ ಇದ್ದ ಜನ 1881ರಲ್ಲಿ 42 ಲಕ್ಷಕ್ಕೆ ಇಳಿದಿದ್ದರು. ಕಣಜ ಇದ್ದವರು ಉಳಿದರು. ಕೂಲಿಯಿಂದ ಕೂಲಿಗೆ ಬದುಕೋರು ಸತ್ತರು. ಕೂಲಿಯಿಂದ ಕೂಲಿಗೆ ಬದುಕ್ತಿದ್ದವರು ಯಾವ ಕೇರಿಯವರು ಅಂತ ನಿಮಗೆ ಹೇಳಬೇಕಿಲ್ಲ. ನೀರಿಗೆ ಹಾಕೋ ದುಡ್ಡಿನ ಲಾಭ-ನಷ್ಟ ಲೆಕ್ಕ ಹಾಕುವಾಗ ಈ ಎಂಟು ಲಕ್ಷವನ್ನ ಯಾವ ಕಾಲಮ್ಮಿನಲ್ಲಿ ಬರೀಬೇಕು?

ಬಾಬಾಸಾಹೇಬರು ಈ ನೀತಿಯನ್ನೇ ತಿರುಗಿಸಿದರು. 1945ರ ಜನವರಿ, ಆಗಸ್ಟ್‌ನಲ್ಲಿ ಕಲ್ಕತ್ತೆಯಲ್ಲಿ ದಾಮೋದರದ ಬಗ್ಗೆ, ನವೆಂಬರ್ 8ಕ್ಕೆ ಕಟಕ್‌ನಲ್ಲಿ ಒರಿಸ್ಸಾ ನದಿಗಳ ಬಗ್ಗೆ ಸಭೆ ನಡೆಸಿದರು. ಕಟಕ್ ಸಭೆಯಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ಹಿಂದಿನ ಸಮಿತಿಗಳೆಲ್ಲ ಪ್ರವಾಹದ ನೀರನ್ನ ಪೀಡೆ ಅಂತ ನೋಡಿದವು, ಬೇಗ ಸಮುದ್ರಕ್ಕೆ ಓಡಿಸೋಕೆ ನೋಡಿದವು. ನೀರು ಪೀಡೆಯಲ್ಲ, ಸಂಪತ್ತು. ಜನ ನೀರು ಹೆಚ್ಚಾಗಿ ನರಳೋದಕ್ಕಿಂತ ಇಲ್ಲದೆ ನರಳೋದೇ ಹೆಚ್ಚು. ಹಿಡಿದಿಡಿ. ಒಂದೇ ಅಣೆಕಟ್ಟಿನಿಂದ ಪ್ರವಾಹ ತಡೆ, ಹೊಲಕ್ಕೆ ನೀರು, ವಿದ್ಯುತ್, ದೋಣಿ ಸಂಚಾರ ನಾಲ್ಕೂ ಆಗಲಿ.

ವಿದ್ಯುತ್ ಯಾಕೆ ಅಷ್ಟು ಮುಖ್ಯ? 1918ರಲ್ಲೇ ಸಣ್ಣ ಹಿಡುವಳಿಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಅವರು ಹೇಳಿದ್ದರು: ಭೂಮಿಯ ಮೇಲೆ ಕೂತಿರೋ ಹೆಚ್ಚುವರಿ ಜನ ಕೈಗಾರಿಕೆಗೆ ಹೋಗದೆ ಬೇಸಾಯವೂ ಉದ್ಧಾರ ಆಗಲ್ಲ. ಕೈಗಾರಿಕೆಗೆ ಅಗ್ಗದ ಕರೆಂಟು ಬೇಕು, ಅದು ಸರ್ಕಾರದ ಕೈಲಿರಬೇಕು. ನಮ್ಮವರ ಮಟ್ಟಿಗೆ ಇದರ ಅರ್ಥ ಸರಳ: ಒಡೆಯನ ಹೊಲದಿಂದ ಬಿಡಿಸಿಕೊಂಡು ಸಂಬಳ ಸಿಗೋ ಕಡೆ ಹೋಗೋ ದಾರಿ.

ಸಂಸ್ಥೆಗಳನ್ನೂ ಕಟ್ಟಿದರು. ಅವರ ಇಲಾಖೆಯ ಕೆಳಗೆ 1944ರಲ್ಲಿ ಕೇಂದ್ರ ತಾಂತ್ರಿಕ ವಿದ್ಯುತ್ ಮಂಡಳಿ, 1945ರಲ್ಲಿ ಕೇಂದ್ರ ಜಲಮಾರ್ಗ, ನೀರಾವರಿ ಮತ್ತು ನೌಕಾಯಾನ ಆಯೋಗ ಬಂದವು. ಆ ಆಯೋಗವೇ ಇವತ್ತಿನ ಕೇಂದ್ರ ಜಲ ಆಯೋಗ. ಹಿರಾಕುಡ್‌ಗೆ 1946ರ ಮಾರ್ಚ್‌ನಲ್ಲಿ ಅಡಿಗಲ್ಲು ಬಿತ್ತು. ದಾಮೋದರ ಕಣಿವೆ ನಿಗಮ 1948ರಲ್ಲಿ ಹುಟ್ಟಿತು. ಹಾಗಂತ ಕೆಲವರು ಪೋಸ್ಟ್ ಹಾಕೋ ಥರ 'ದೇಶದ ಎಲ್ಲಾ ಡ್ಯಾಮ್ ಕಟ್ಟಿದ್ದು ಬಾಬಾಸಾಹೇಬರೇ' ಅಂತ ಹೇಳೋದು ಬೇಡ. ಸಹಾ, ವೂರ್ಡುಯಿನ್, ಆಯೋಗದ ಮುಖ್ಯಸ್ಥ ಖೋಸ್ಲಾ ಎಲ್ಲರ ಕೆಲಸ ಇದೆ. ಬಾಬಾಸಾಹೇಬರ ಪಾಲು ನೀತಿಯದ್ದು, ಸಂಸ್ಥೆಯದ್ದು. ಅದೇ ಸಾಕಷ್ಟು ದೊಡ್ಡದು. ಕೆಆರ್‌ಎಸ್ ಕಟ್ಟಿದ್ದು ನಾಲ್ವಡಿಯವರಾ, ವಿಶ್ವೇಶ್ವರಯ್ಯನವರಾ ಅಂತ ನಮ್ಮಲ್ಲಿ ವರ್ಷ ವರ್ಷ ಜಗಳ ಆಗುತ್ತಲ್ಲ, ಆ ಜಗಳದಲ್ಲಿ ಕಲ್ಲು ಹೊತ್ತವರ ಹೆಸರೇ ಬರಲ್ಲ. ಅದೇ ತಪ್ಪು ನಾವೂ ಮಾಡಬಾರದು.

ಸರಿ, ಆಮೇಲೆ ಏನಾಯ್ತು? ಮುಚ್ಚಿಟ್ಟು ವಾದ ಮಾಡೋದು ನನಗೆ ಬೇಕಿಲ್ಲ. ಹಿರಾಕುಡ್ ಒಂದು ಲಕ್ಷಕ್ಕೂ ಹೆಚ್ಚು ಜನರ ನೆಲೆ ಕಿತ್ತಿತು. ದಾಮೋದರದ ಪಂಚೇತ್ ಅಣೆಕಟ್ಟನ್ನ 1959ರ ಡಿಸೆಂಬರ್ 6ರಂದು, ಬಾಬಾಸಾಹೇಬರ ಪರಿನಿಬ್ಬಾಣದ ದಿನವೇ, ನೆಹರೂ ಅವರು ಅಲ್ಲೇ ದುಡೀತಿದ್ದ ಒಬ್ಬ ಸಂತಾಲ ಹುಡುಗಿಯ ಕೈಲಿ ಉದ್ಘಾಟನೆ ಮಾಡಿಸಿದರು. ನೆಹರೂಗೆ ಹಾರ ಹಾಕಿದ್ದಕ್ಕೆ ಅವಳ ಸಮುದಾಯ 'ಅವರನ್ನ ಮದುವೆಯಾದಂತಾಯ್ತು' ಅಂತ ಹೊರಗಿಟ್ಟಿತು. ಕೆಲವು ವರ್ಷಕ್ಕೆ ಕೆಲಸವೂ ಹೋಯ್ತು. ಸ್ವಿಚ್ ಒತ್ತೋಕೆ ನಮ್ಮ ಕೈ ಬೇಕು, ಆಮೇಲೆ ಆ ಕೈ ಏನಾಯ್ತು ಅಂತ ಕೇಳೋರಿಲ್ಲ.

ಆದರೆ ಇನ್ನೊಂದು ಸತ್ಯವೂ ಇದೆ. ಏಳೆಂಟು ಅಣೆಕಟ್ಟಿನ ದಾಮೋದರ ಯೋಜನೆಯಲ್ಲಿ ಮೊದಲ ಹಂತ ಅಂತ ತಿಲೈಯಾ, ಕೋನಾರ್, ಮೈಥಾನ್, ಪಂಚೇತ್ ನಾಲ್ಕು ಮಾತ್ರ ಕಟ್ಟಿದರು. ಮೈಥಾನ್, ಪಂಚೇತ್‌ನಲ್ಲಿ ನೀರು ನಿಲ್ಲಿಸೋಕೆ ಬೇಕಾದಷ್ಟು ಜಮೀನನ್ನೂ ಪೂರ್ತಿ ತಗೊಳ್ಳಲಿಲ್ಲ. ಪ್ರವಾಹ ಹಿಡಿಯೋ ಶಕ್ತಿ ಅಷ್ಟರಮಟ್ಟಿಗೆ ಕಮ್ಮಿಯಾಯ್ತು. ಈಗಲೂ ಕೆಳಗಿನ ಬಂಗಾಳ ಮುಳುಗುತ್ತೆ. ಅರ್ಧಕ್ಕೆ ನಿಲ್ಲಿಸಿದ ಖರ್ಚು ಉಳಿತಾಯ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನಮ್ಮ ರಾಜ್ಯಕ್ಕೆ ಬನ್ನಿ. ತುಂಗಭದ್ರಾ 1953ರಲ್ಲಿ ಮುಗೀತು. ಎಡದಂಡೆ ನಾಲೆ ಹರಿದ ಗಂಗಾವತಿ, ಸಿಂಧನೂರು ಕಡೆ ಹೋದರೆ 'ಕ್ಯಾಂಪ್'ಗಳು ಕಾಣ್ತವೆ. ಆಂಧ್ರದ ಕಡೆಯಿಂದ ದುಡ್ಡು ಹಿಡಿದು ಬಂದವರು ಒಣಭೂಮಿಯನ್ನ ಅಗ್ಗಕ್ಕೆ ಕೊಂಡು ಭತ್ತದ ಗದ್ದೆ ಮಾಡಿದರು. ಮಾರಿದ ಸಣ್ಣ ರೈತರಲ್ಲಿ ಎಷ್ಟೋ ಜನ ಅದೇ ಗದ್ದೆಗೆ ನಾಟಿ ಕೂಲಿಗೆ ಹೋದರು. ತಪ್ಪು ನಾಲೆಯದ್ದಾ? ನೀರು ಬರೋಕೆ ಮುಂಚೆ ಭೂಮಿ ಹಂಚಿರಲಿಲ್ಲ, ನೆಲ ಮಟ್ಟ ಮಾಡೋಕೆ, ಬೀಜ ಗೊಬ್ಬರಕ್ಕೆ ಬಡವನಿಗೆ ಸಾಲ ಕೊಟ್ಟಿರಲಿಲ್ಲ. ಸರ್ಕಾರ ಅಣೆಕಟ್ಟಿಗೆ ಖರ್ಚು ಮಾಡಿ, ಅಣೆಕಟ್ಟಿನ ಕೆಳಗಿನ ಮನುಷ್ಯನಿಗೆ ಖರ್ಚು ಮಾಡಲಿಲ್ಲ.

ಖರ್ಚು ಮಾಡಿದಾಗ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇಲ್ಲೇ ಇದೆ. ಎಂಬತ್ತರ ದಶಕದಲ್ಲಿ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದರು. ಜನ 'ನೀರ್ ಸಾಬ್' ಅಂದರು. ಕೇರಿಯೊಳಗೆ ಒಂದು ಕೈಪಂಪು ಬಂದರೆ ಏನು ಬದಲಾಗುತ್ತೆ ಅಂತ ನಮ್ಮ ತಾಯಂದಿರನ್ನ ಕೇಳಿ. ಬಾವಿಕಟ್ಟೆಯಿಂದ ದೂರ ನಿಂತು, ಯಾರಾದರೂ ಪುಣ್ಯಾತ್ಮರು ಕೊಡಕ್ಕೆ ಮೇಲಿಂದ ನೀರು ಹುಯ್ಯಲಿ ಅಂತ ಗಂಟೆಗಟ್ಟಲೆ ಕಾಯೋದು ನಿಂತಿತು. ಜಾತಿ ಹೋಯ್ತಾ? ಇಲ್ಲ. ಬೇರೆ ಪಂಪು ಅಂದರೆ ಬೇರೇನೇ. ಆದರೆ ಬೇಡೋದು ತಪ್ಪಿತು. ಬೇಡೋದು ತಪ್ಪಿದವನು ನಾಳೆ ಹಕ್ಕು ಕೇಳ್ತಾನೆ.

ಸರ್ಕಾರ ಕೈಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಕೋಲಾರ ನೋಡಿ. ದುಡ್ಡಿರೋನು ಸಾವಿರ ಅಡಿ ದಾಟಿ ಕೊರೆಸ್ತಾನೆ, ಅವನ ಪಕ್ಕದ ಎರಡೆಕರೆಯವನ ಬಾವಿ ಒಣಗುತ್ತೆ. ಕಾಂಪೌಂಡಿನೊಳಗಿನ ಆ ನೀರಿಗೆ 15(2)ನೇ ವಿಧಿ ಹಿಡಿದು ಹೋಗೋಕಾಗಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಅಲ್ಲಿನ ಕೆರೆಗಳಿಗೆ ಬರ್ತಿದೆ. ಇನ್ನೊಂದು ಹಂತ ಶುದ್ಧಿ ಮಾಡಿ ಕೊಡಿ ಅನ್ನೋ ಬೇಡಿಕೆ ನ್ಯಾಯವಾದದ್ದು. ಗಮನಿಸಿ, ಅದು ಹೆಚ್ಚು ಖರ್ಚು ಮಾಡಿ ಅನ್ನೋ ಬೇಡಿಕೆ.

ಇನ್ನು ಕಮಿಷನ್, ಲೂಟಿ ಮಾತು. ಆಫೀಸಲ್ಲಿ ಫೈಲುಗಳ ಮಧ್ಯೆ ಕೂತು ದುಡಿಯೋ ನನ್ನಂಥವನಿಗೆ ಒಂದು ವಿಷಯ ಗೊತ್ತು. ಸರ್ಕಾರದ ಪ್ರತಿ ರೂಪಾಯಿಗೂ ಒಂದು ಲೆಕ್ಕಶೀರ್ಷಿಕೆ ಇರುತ್ತೆ, ಒಂದು ಫೈಲ್ ನಂಬರ್ ಇರುತ್ತೆ. ಕದ್ದರೂ ಜಾಡು ಉಳಿಯುತ್ತೆ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಬಹುದು. ಖಾಸಗಿಯವನ ಟ್ಯಾಂಕರ್ ಲೆಕ್ಕ ಯಾರನ್ನ ಕೇಳ್ತೀರಿ?

ನಮ್ಮ ನಿಜವಾದ ಜಗಳ ಬೇರೆ ಕಡೆ ಇದೆ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಜನಸಂಖ್ಯೆಗೆ ತಕ್ಕಂತೆ, ಅಂದರೆ ಶೇಕಡಾ 24.1 ಪಾಲು ಇಡಬೇಕು ಅಂತು. ಅದರ 7(ಡಿ) ಕಿಂಡಿಯಲ್ಲಿ, ಬೇರ್ಪಡಿಸಲಾಗದ ದೊಡ್ಡ ಕಾಮಗಾರಿಗಳ ಒಂದು ಪಾಲನ್ನ ನಮಗೇ ಖರ್ಚಾಯ್ತು ಅಂತ ತೋರಿಸೋಕೆ ದಾರಿ ಇತ್ತು. ಹೋರಾಟ ಮಾಡಿ ಮಾಡಿ 2023ರಲ್ಲಿ ಅದು ಹೋಯ್ತು. ಆಗ ನಾವು ಕೇಳಿದ್ದು ಕಾಮಗಾರಿ ನಿಲ್ಲಿಸಿ ಅಂತ ಅಲ್ಲ, ನಮ್ಮ ಹೆಸರಲ್ಲಿ ಸುಳ್ಳು ಲೆಕ್ಕ ಬರೀಬೇಡಿ ಅಂತ. ಈಗಲೂ ಅದನ್ನೇ ಹಿಡಿದು ಮುಂದಕ್ಕೆ ಹೋಗಬೇಕು.

ಕೇಳಬೇಕಾದ್ದು ಇವು. ಅಚ್ಚುಕಟ್ಟಿನಲ್ಲಿ ಪರಿಶಿಷ್ಟರ ಜಮೀನು ಎಷ್ಟು ಎಕರೆ, ಅದರಲ್ಲಿ ನೀರು ಮುಟ್ಟಿದ್ದು ಎಷ್ಟಕ್ಕೆ? ನಾಲೆಯ ಕೊನೆ ಭಾಗಕ್ಕೆ ಮೊದಲು ನೀರು ಯಾಕೆ ಬಿಡಬಾರದು? ಗಂಗಾ ಕಲ್ಯಾಣದಲ್ಲಿ ಬೋರ್ ಕೊರೆದು ಪಂಪು, ಕರೆಂಟು ಕೊಡದೆ ಕಾಯಿಸಿದರೆ ಅದು ನೀರಾವರಿಯಾ? ನೀರು ಬಳಕೆದಾರರ ಸಂಘಗಳು ಜಮೀನಿದ್ದವರ ಸಂಘಗಳಾಗಿವೆ, ತೂಬು ಕಾಯೋ ಭೂಹೀನನಿಗೆ ಅಲ್ಲಿ ಮತ ಯಾಕಿಲ್ಲ? ಮುಳುಗಡೆಯವರಿಗೆ ದುಡ್ಡಿನ ಬದಲು ಅದೇ ಅಚ್ಚುಕಟ್ಟಿನಲ್ಲಿ ಭೂಮಿ ಯಾಕೆ ಕೊಡಬಾರದು?

ಮುಂದಿನ ಸಲ ಬಜೆಟ್ ಬಂದಾಗ 'ನೀರಾವರಿಗೆ ಯಾಕಿಷ್ಟು' ಅಂತ ಮೆಸೇಜು ಬಂದರೆ ಫಾರ್ವರ್ಡ್ ಮಾಡಬೇಡಿ. ಮೇಲಿನ ಪ್ರಶ್ನೆಗಳಲ್ಲಿ ಒಂದನ್ನ ನಿಮ್ಮ ತಾಲ್ಲೂಕಿನ ನೀರಾವರಿ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಬರೆದು ಹಾಕಿ. ಉತ್ತರ ಬಂದರೆ ಕಾಮೆಂಟಿನಲ್ಲಿ ಹಾಕಿ, ಬರದಿದ್ದರೂ ಹಾಕಿ. ಅರ್ಜಿ ಬರೆಯೋಕೆ ಬಾರದವರಿಗೆ ನಾನು ಬರೆದುಕೊಡ್ತೀನಿ.

ಜೈಭೀಮ್.