ಪಾತ್ರಧಾರಿ ಬದಲಾವಣೆ: ಗೂಢಚಾರ ಚಿತ್ರಸರಣಿಗಳ ಪೋಷಕ ಪಾತ್ರಗಳು

ಚಿತ್ರದಿಂದ ಚಿತ್ರಕ್ಕೆ ಮುಂದುವರಿಯುವ ಪಾತ್ರವೊಂದನ್ನು, ಮೊದಲು ಅದನ್ನು ಕಟ್ಟಿದ ನಟನ ಬದಲು ಇನ್ನೊಬ್ಬರಿಗೆ ವಹಿಸುವುದು. ನಟನ ಸಾವು, ಮುಪ್ಪು, ಕಾಲ್‌ಶೀಟ್ ಹೊಂದದಿರುವುದು, ಸರಣಿಯನ್ನೇ ಹೊಸದಾಗಿ ಆರಂಭಿಸುವ ನಿರ್ಧಾರ ಇದಕ್ಕೆ ಸಾಮಾನ್ಯ ಕಾರಣಗಳು. ನಾಯಕನ ಬದಲಾವಣೆ ದೊಡ್ಡ ಸುದ್ದಿಯಾಗುತ್ತದೆ. ಪೋಷಕ ಪಾತ್ರದ ಬದಲಾವಣೆ ಅಷ್ಟು ಸದ್ದು ಮಾಡುವುದಿಲ್ಲ, ಆದರೆ ಪ್ರೇಕ್ಷಕರು ಒಪ್ಪಿಕೊಳ್ಳಲು ಹಲವೊಮ್ಮೆ ಅದೇ ಹೆಚ್ಚು ಕಾಲ ಹಿಡಿಯುತ್ತದೆ.

ಕನ್ನಡದಲ್ಲಿ ಇಂಥ ಗೂಢಚಾರ ಸರಣಿ ಎಂದರೆ ಸಿಐಡಿ 999. ದೊರೆ–ಭಗವಾನ್ ಜೋಡಿ ನಿರ್ದೇಶಿಸಿ ರಾಜಕುಮಾರ್ ನಾಯಕರಾದ ನಾಲ್ಕು ಚಿತ್ರಗಳು ಇದರಲ್ಲಿವೆ: 'ಜೇಡರ ಬಲೆ' (1968), 'ಗೋವಾದಲ್ಲಿ ಸಿಐಡಿ 999' (1968), 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999' (1969), 'ಆಪರೇಷನ್ ಡೈಮಂಡ್ ರಾಕೆಟ್' (1978). ನಾಯಕ, ನಿರ್ದೇಶಕರು, ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್, ಇವರು ಬದಲಾಗಲಿಲ್ಲ. ನಾಯಕಿಯರು ಮಾತ್ರ ಪ್ರತಿ ಸಲವೂ ಬೇರೆ: ಜಯಂತಿ, ಲಕ್ಷ್ಮಿ, ರೇಖಾ, ಪದ್ಮಪ್ರಿಯಾ. ಇದನ್ನು ಪಾತ್ರಧಾರಿ ಬದಲಾವಣೆ ಎನ್ನಲಾಗದು, ಏಕೆಂದರೆ ಪಾತ್ರವೇ ಹೊಸದು. ಲಂಡನ್ನಿನ ಬಾಂಡ್ ಕಚೇರಿಯಂತೆ ಮೇಲಧಿಕಾರಿ, ಕಾರ್ಯದರ್ಶಿ, ಆಯುಧ ಕೊಡುವವನು ಎಂಬ ಕಾಯಂ ಹುದ್ದೆಗಳನ್ನು ಕನ್ನಡ ಸರಣಿ ಕಟ್ಟಿಕೊಳ್ಳಲಿಲ್ಲ. ಮೊದಲ ಚಿತ್ರಗಳಲ್ಲಿ ನಗೆಯ ಪಾಲು ನರಸಿಂಹರಾಜು ಅವರದು. 'ಬೇಡರ ಕಣ್ಣಪ್ಪ' (1954) ಚಿತ್ರದಿಂದಲೇ ರಾಜಕುಮಾರ್ ಜೊತೆಗೆ ಬಂದ ಈ ನಟನನ್ನು ಜನ ನರಸಿಂಹರಾಜು ಎಂದೇ ಗುರುತಿಸುತ್ತಿದ್ದರು, ಪಾತ್ರದ ಹೆಸರು ಯಾರಿಗೂ ಬೇಕಿರಲಿಲ್ಲ. 1979ರಲ್ಲಿ ಅವರು ತೀರಿಕೊಂಡ ಮೇಲೆ ಈ ಸರಣಿಯಲ್ಲಿ ಇನ್ನೊಂದು ಚಿತ್ರ ಬರಲಿಲ್ಲವಾದ್ದರಿಂದ, ಆ ಜಾಗಕ್ಕೆ ಯಾರು ಎಂಬ ಪ್ರಶ್ನೆ ನಿರ್ಮಾಪಕರಿಗೆ ಎದುರಾಗಲೇ ಇಲ್ಲ.

ಜೇಮ್ಸ್ ಬಾಂಡ್ ಸರಣಿಗೆ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗಿದೆ. ಅದರಲ್ಲಿ ಹೆಚ್ಚು ಪ್ರೀತಿ ಗಳಿಸಿದ ಪೋಷಕ ಪಾತ್ರ 'ಕ್ಯೂ', ಗೂಢಚಾರನಿಗೆ ಸಲಕರಣೆ ಒದಗಿಸುವ ವಿಭಾಗದ ಮುಖ್ಯಸ್ಥ. ಈ ಪಾತ್ರವನ್ನು ಬೆಳೆಸಿದ ಡೆಸ್ಮಂಡ್ ಲೆವೆಲಿನ್ ಕೂಡ ಬದಲಿ ನಟರಾಗಿಯೇ ಬಂದವರು. 'ಡಾ. ನೋ' (1962) ಚಿತ್ರದಲ್ಲಿ ಮೇಜರ್ ಬೂತ್‌ರಾಯ್ಡ್ ಆಗಿದ್ದವರು ಪೀಟರ್ ಬರ್ಟನ್. ಮುಂದಿನ ಚಿತ್ರಕ್ಕೆ ಅವರು ಸಿಗದಿದ್ದಾಗ ನಿರ್ದೇಶಕ ಟೆರೆನ್ಸ್ ಯಂಗ್ ತಾವು ಹಿಂದೆ ದುಡಿಸಿಕೊಂಡಿದ್ದ ಲೆವೆಲಿನ್‌ರನ್ನು ಕರೆಸಿದರು. 'ಫ್ರಂ ರಷ್ಯಾ ವಿತ್ ಲವ್' (1963) ಚಿತ್ರದಲ್ಲಿ ಅವರು ಮಾಡುವುದು ಇಷ್ಟೇ: ಕಪ್ಪು ಕೈಪೆಟ್ಟಿಗೆ ತೆರೆದು, ಅಡಗಿಸಿಟ್ಟ ಚಾಕು, ಬಿಡಿಭಾಗ ಜೋಡಿಸುವ ರೈಫಲ್, ಐವತ್ತು ಚಿನ್ನದ ನಾಣ್ಯ, ಟಾಲ್ಕಂ ಪೌಡರ್ ಡಬ್ಬಿಯಲ್ಲಿನ ಅಶ್ರುವಾಯು ತೋರಿಸುವುದು. ತೋರಿಸುವ ರೀತಿಯಲ್ಲಿ ವಿನಯವಿದೆ, ಹಾಸ್ಯವಿಲ್ಲ. ಪಾತ್ರಕ್ಕೆ ಜೀವ ಬಂದದ್ದು 'ಗೋಲ್ಡ್‌ಫಿಂಗರ್' (1964) ಚಿತ್ರದಲ್ಲಿ. ಬಾಂಡ್ ಬಂದಾಗ ಗೌರವದಿಂದ ಎದ್ದು ನಿಂತ ಲೆವೆಲಿನ್‌ಗೆ ನಿರ್ದೇಶಕ ಗೈ ಹ್ಯಾಮಿಲ್ಟನ್, ಇವನು ನೀನು ಕೊಟ್ಟದ್ದನ್ನೆಲ್ಲ ಹಾಳು ಮಾಡಿ ತರುವವನು, ಇವನಿಗೆಂಥ ಗೌರವ ಎಂಬ ಅರ್ಥದಲ್ಲಿ ತಿದ್ದಿದರು. ಮದುವೆಗೆ ಕೊಟ್ಟ ಕೊಪ್ಪರಿಗೆಯನ್ನು ನಗ್ಗಿಸಿ ತಂದವನನ್ನು ಉಗ್ರಾಣದವನು ನೋಡುವ ಆ ನೋಟ ಅಂದಿನಿಂದ ಕಾಯಂ ಆಯಿತು.

1973ರ 'ಲಿವ್ ಅಂಡ್ ಲೆಟ್ ಡೈ' ಚಿತ್ರದಲ್ಲಿ ಕ್ಯೂ ಪಾತ್ರವನ್ನೇ ಕೈಬಿಟ್ಟರು. ಪ್ರೇಕ್ಷಕರು ಗೊಣಗಿದರು, ಮರುವರ್ಷವೇ ಲೆವೆಲಿನ್ ಮರಳಿದರು. ಹೀಗೆ ಐವರು ಬಾಂಡ್‌ಗಳ ಜೊತೆ 17 ಚಿತ್ರಗಳಲ್ಲಿ ಅವರು ನಟಿಸಿದರು. 1999ರ 'ದಿ ವರ್ಲ್ಡ್ ಈಸ್ ನಾಟ್ ಎನಫ್' ಉತ್ತರಾಧಿಕಾರಿಯಾಗಿ ಜಾನ್ ಕ್ಲೀಸ್ ಅವರನ್ನು ತೆರೆಯ ಮೇಲೆಯೇ ಪರಿಚಯಿಸಿತು. ಅದೇ ದೃಶ್ಯದಲ್ಲಿ ಕ್ಯೂ ಎರಡು ಬುದ್ಧಿಮಾತು ಹೇಳಿ ನೆಲದಡಿಗೆ ಇಳಿದು ಮರೆಯಾಗುತ್ತಾನೆ. ಚಿತ್ರ ಬಿಡುಗಡೆಯಾದ ಕೆಲವೇ ವಾರಗಳಲ್ಲಿ, ಡಿಸೆಂಬರ್ 19ರಂದು, 85 ವರ್ಷದ ಲೆವೆಲಿನ್ ಕಾರು ಅಪಘಾತದಲ್ಲಿ ಮೃತಪಟ್ಟರು.

ಕ್ಲೀಸ್ 'ಡೈ ಅನದರ್ ಡೇ' (2002) ಚಿತ್ರದಲ್ಲಿ ಕ್ಯೂ ಆದರು. ಅಷ್ಟು ಹೆಸರಾಂತ ಹಾಸ್ಯನಟನಿದ್ದೂ ಪಾತ್ರ ಕುದುರಲಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯ. ಸಿಡುಕು ಹಾಗೇ ಉಳಿದಿತ್ತು, ಆದರೆ ಸಿಡುಕಿನ ಹಿಂದಿನ ವಾತ್ಸಲ್ಯ ಕಾಣಲಿಲ್ಲ. ಮುಂದಿನ ಎರಡು ಚಿತ್ರಗಳಲ್ಲಿ (2006, 2008) ಕ್ಯೂ ಇಲ್ಲವೇ ಇಲ್ಲ. ಈ ವಿರಾಮ ಉಪಕಾರವನ್ನೇ ಮಾಡಿತು. 'ಸ್ಕೈಫಾಲ್' (2012) ಚಿತ್ರದಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ, ಹಳೆಯ ಯುದ್ಧನೌಕೆಯನ್ನು ಗುಜರಿಗೆ ಎಳೆದೊಯ್ಯುವ ಟರ್ನರ್ ಚಿತ್ರದ ಮುಂದೆ, ಬಾಂಡ್ ಪಕ್ಕದಲ್ಲಿ ಬಂದು ಕೂರುವ ಹುಡುಗನೇ ಹೊಸ ಕ್ಯೂ. ನಟ ಬೆನ್ ವಿಶಾ, ಬಾಂಡ್ ಆಗಿದ್ದ ಡೇನಿಯಲ್ ಕ್ರೇಗ್‌ಗಿಂತ 12 ವರ್ಷ ಚಿಕ್ಕವರು. ಮುದುಕನನ್ನು ಗದರುವ ಹುಡುಗ ಎಂದು ಸಂಬಂಧವನ್ನೇ ತಿರುಗಿಸಿದ್ದರಿಂದ ಹೋಲಿಕೆಯ ಮಾತು ನಿಂತುಹೋಯಿತು.

ಸರಣಿಯ ಉಳಿದ ಪಾತ್ರಗಳಿಗೆ ಬೇರೆ ಬೇರೆ ದಾರಿ. ಮೇಲಧಿಕಾರಿ 'ಎಂ' ಆಗಿದ್ದ ಬರ್ನಾರ್ಡ್ ಲೀ 1981ರಲ್ಲಿ ತೀರಿಕೊಂಡಾಗ, ಆ ವರ್ಷದ ಚಿತ್ರದಲ್ಲಿ ಎಂ ರಜೆಯಲ್ಲಿದ್ದಾನೆ ಎಂದು ಹೇಳಿ ಕುರ್ಚಿಯನ್ನು ಖಾಲಿ ಬಿಟ್ಟರು. ನಂತರ ರಾಬರ್ಟ್ ಬ್ರೌನ್, 1995ರಿಂದ ಜೂಡಿ ಡೆಂಚ್. ಕಾರ್ಯದರ್ಶಿ ಮನಿಪೆನ್ನಿಯಾಗಿ ಲೋಯಿಸ್ ಮ್ಯಾಕ್ಸ್‌ವೆಲ್ 14 ಚಿತ್ರ ಮಾಡಿದರು. ಅಮೆರಿಕದ ಗೆಳೆಯ ಫೀಲಿಕ್ಸ್ ಲೈಟರ್‌ನ ಮುಖ ಮಾತ್ರ ಹೆಚ್ಚಿನ ಸಲ ಚಿತ್ರದಿಂದ ಚಿತ್ರಕ್ಕೆ ಬದಲಾಗುತ್ತಿತ್ತು, ಹಾಗಾಗಿ ಅವನ ಮೇಲೆ ಯಾರಿಗೂ ಮಮಕಾರ ಹುಟ್ಟಲಿಲ್ಲ.

ಮುಖ ಬದಲಾಗುವುದು ಕನ್ನಡ ಪ್ರೇಕ್ಷಕರಿಗೆ ಹೊಸದಲ್ಲ. ರಾತ್ರಿಯಿಡೀ ನಡೆಯುವ ಯಕ್ಷಗಾನದಲ್ಲಿ ಒಂದೇ ಪಾತ್ರವನ್ನು ಇಬ್ಬರು ಕಲಾವಿದರು ಹಂಚಿಕೊಳ್ಳುವುದುಂಟು. ಧಾರಾವಾಹಿಗಳಲ್ಲಂತೂ ಇನ್ನು ಮುಂದೆ ಈ ಪಾತ್ರ ಇವರದು ಎಂದು ಪರದೆಯ ಮೇಲೆ ಒಂದು ಸಾಲು ಹಾಕಿದರೆ ಮುಗಿಯಿತು, ಸೊಸೆ ಹೊಸ ಮುಖದಲ್ಲಿ ಕಾಫಿ ತರುತ್ತಾಳೆ.

ಬದಲಿಸಲು ನಿರಾಕರಿಸಿದ ಪ್ರಸಿದ್ಧ ಉದಾಹರಣೆ ಬಂಗಾಳದ್ದು, ಗೂಢಚಾರನ ಬದಲು ಪತ್ತೇದಾರನ ಸರಣಿ. ಸತ್ಯಜಿತ್ ರಾಯ್ ಅವರ ಫೆಲುದಾ ಚಿತ್ರಗಳಲ್ಲಿ (1974, 1979) ಜಟಾಯು ಎಂಬ ಕಾದಂಬರಿಕಾರನಾಗಿ ಸಂತೋಷ್ ದತ್ತ ನಟಿಸಿದರು. ಆಮೇಲೆ ರಾಯ್ ತಮ್ಮ ಕಥೆಗಳ ರೇಖಾಚಿತ್ರಗಳಲ್ಲೂ ಜಟಾಯುವಿಗೆ ಅವರದೇ ಮುಖ ಕೊಟ್ಟರು. 1988ರಲ್ಲಿ ದತ್ತ ತೀರಿಕೊಂಡ ಮೇಲೆ ಮತ್ತೆ ಫೆಲುದಾ ಚಿತ್ರ ಮಾಡಲಿಲ್ಲ. ಮಗ ಸಂದೀಪ್ ರಾಯ್ ಸರಣಿ ಮುಂದುವರಿಸಿ ಬೇರೆ ನಟರನ್ನು ಹಾಕಿದರು. ಅವರಲ್ಲೊಬ್ಬರಾದ ವಿಭು ಭಟ್ಟಾಚಾರ್ಯ 2011ರಲ್ಲಿ ತೀರಿಕೊಂಡಾಗ, ಜಟಾಯು ಇನ್ನೂ ಪ್ರವೇಶಿಸದ ಹಳೆಯ ಕಥೆಯೊಂದನ್ನು ಆರಿಸಿಕೊಂಡು 2014ರಲ್ಲಿ 'ಬಾದಶಾಹಿ ಆಂಗ್ಟಿ' ತೆಗೆದರು.