ಅಕ್ಷರ ಗುಂಡಿನ ಯಜಮಾನ ಯಾರು?

ಚಿತ್ರದುರ್ಗದಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ ರಾಂಪುರ ಸಿಗುತ್ತೆ. ಮೊಳಕಾಲ್ಮೂರು ತಾಲ್ಲೂಕಿನ ಊರು. ಬಸ್ ನಿಲ್ಲುತ್ತೆ, ಇಳಿದು ಟೀ ಕುಡೀತೀವಿ, ಮತ್ತೆ ಹೊರಟುಬಿಡ್ತೀವಿ. ಆದರೆ ಅಲ್ಲಿಂದ ಹೆಚ್ಚು ದೂರವಿಲ್ಲದ ಜಾಗದಲ್ಲಿ ಸಾಮ್ರಾಟ್ ಅಶೋಕನ ಮಾತುಗಳು ಬಂಡೆಯ ಮೇಲೆ ಕೂತಿವೆ. ಅದೂ ಮೂರು ಕಡೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಮೂರೂ ಕೆಲವೇ ಕಿಲೋಮೀಟರ್ ಅಂತರದಲ್ಲಿ.

ಅದರಲ್ಲಿ ಏನಿದೆ ಅಂತ ಎಷ್ಟು ಜನಕ್ಕೆ ಗೊತ್ತು? ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಅವನ ಮಹಾಮಾತ್ರರು, ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಅದು. ಸರ್ಕಾರಿ ಆದೇಶ ಅಂದ್ಕೊಳ್ಳಿ. ಆದರೆ ಶುರುವಾಗೋದೇ ಅಲ್ಲಿಯವರಿಗೆ ಆರೋಗ್ಯ ಹಾರೈಸುವುದರಿಂದ. ಆಮೇಲೆ ಹೇಳುತ್ತೆ: ತಾಯಿ ತಂದೆಯ ಮಾತು ಕೇಳಬೇಕು, ಜೀವಿಗಳ ಮೇಲೆ ಕರುಣೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಕೊನೆಗೆ ಬರೆದವನ ಹೆಸರು, ಚಪಡ. ಅವನು ತಾನು ಲಿಪಿಕಾರ ಎಂಬುದನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದುಕೊಂಡಿದ್ದಾನೆ. ಎಲ್ಲಿಯ ಲಿಪಿ, ಎಲ್ಲಿಯ ಮೊಳಕಾಲ್ಮೂರು, ಯೋಚನೆ ಮಾಡಿ!

ಆದರೆ ಮುಂದೆ ಏನಾಯ್ತು? ಕಾಲ ಕಳೀತು, ಲಿಪಿ ಬದಲಾಯ್ತು, ಓದುವವರೇ ಇಲ್ಲದಂತಾಯ್ತು. ಬ್ರಹ್ಮಗಿರಿಯ ಬಂಡೆಗೆ ಊರವರು ‘ಅಕ್ಷರ ಗುಂಡು’ ಅಂದರು. ಅಕ್ಷರ ಇದೆ ಅನ್ನೋದು ಗೊತ್ತು, ಏನಂತ ಗೊತ್ತಿಲ್ಲ. ಜಟಿಂಗ ರಾಮೇಶ್ವರದ ಬಂಡೆಯ ಮೇಲೆ ಬಳೆಗಾರರು ಅಂಗಡಿ ಇಡುತ್ತಿದ್ದರು. ಅದು ‘ಬಳೆಗಾರ ಗುಂಡು’ ಆಯ್ತು. ಮೂರರಲ್ಲಿ ಅದೇ ಹೆಚ್ಚು ಸವೆದದ್ದು. ಕೊನೆಗೆ 1892ರಲ್ಲಿ ಮೈಸೂರು ಸರ್ಕಾರದ ಪುರಾತತ್ವ ಅಧಿಕಾರಿ ಬಿ.ಎಲ್. ರೈಸ್ ಬಂದು ಇದು ಅಶೋಕನ ಶಾಸನ ಅಂತ ಲೋಕಕ್ಕೆ ತಿಳಿಸಿದರು. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಮ್ಮ ಅಂಗಳದಲ್ಲೇ ಇದ್ದ ಪತ್ರವನ್ನು ನಮಗೆ ಬೇರೆಯವರು ಓದಿ ಹೇಳಬೇಕಾಯ್ತು.

ಇದರಲ್ಲಿ ಬಳೆಗಾರನ ತಪ್ಪಿಲ್ಲ ಸ್ವಾಮಿ. ಕಲ್ಲು ಉಳಿದಿತ್ತು, ಓದುವ ಪರಂಪರೆ ಕಡಿದುಹೋಗಿತ್ತು. ಅಷ್ಟೇ.

ಈಗ ಇದಕ್ಕೆ ತಿರುಗುಮುರುಗಾದ ಒಂದು ಕಥೆ ನೋಡಿ. ಓದುವವರು ಲಕ್ಷಾಂತರ ಜನ ಇದ್ದರು, ಇಟ್ಟ ಜಾಗ ಮಾತ್ರ ಒಂದೇ. ಇದು ಸಿಖ್ಖರ ಕಥೆ. ಸಿಖ್ಖರು ಅಂದರೆ ಪಂಜಾಬ್ ಅಂತ ದೂರ ಇಡಬೇಡಿ. ನಮ್ಮ ಬೀದರ್‌ಗೆ ಗುರು ನಾನಕರು ಬಂದಿದ್ದರು, ಉಪ್ಪುನೀರಿನ ನೆಲದಲ್ಲಿ ಸಿಹಿನೀರಿನ ಬುಗ್ಗೆ ಚಿಮ್ಮಿಸಿದರು ಅನ್ನೋದು ಭಕ್ತರ ನಂಬಿಕೆ. ಆ ಜಾಗದಲ್ಲೇ ನಾನಕ್ ಝೀರಾ ಗುರುದ್ವಾರ ಇದೆ. 1699ರಲ್ಲಿ ಗುರು ಗೋವಿಂದ ಸಿಂಗರು ತಲೆ ಕೊಡುವವರು ಯಾರು ಅಂತ ಕೇಳಿದಾಗ ಎದ್ದುನಿಂತ ಐವರು ‘ಪಂಚ ಪ್ಯಾರೆ’ಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರ್‌ನವರು, ಕ್ಷೌರಿಕ ಕುಟುಂಬದಿಂದ ಬಂದವರು ಎನ್ನುತ್ತದೆ ಸಿಖ್ ಪರಂಪರೆ.

ಇಂಥ ಜನರ ಹಸ್ತಪ್ರತಿಗಳ ದೊಡ್ಡ ಭಂಡಾರ ಅಮೃತಸರದ ಸ್ವರ್ಣಮಂದಿರದ ಆವರಣದಲ್ಲಿತ್ತು. ಸಿಖ್ ರೆಫರೆನ್ಸ್ ಲೈಬ್ರರಿ. 1984ರ ಜೂನ್‌ನಲ್ಲಿ ಬ್ಲೂಸ್ಟಾರ್ ಕಾರ್ಯಾಚರಣೆಯ ಹೊತ್ತಲ್ಲಿ ಅದು ನಾಶವಾಯ್ತು. ಎಷ್ಟು ಸುಟ್ಟಿತು, ಎಷ್ಟನ್ನು ಸೇನೆ ಹೊರಗೆ ಸಾಗಿಸಿತು ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ. ಜಗಳ ಯಾಕೆ ಮುಗಿಯಲ್ಲ? ಎಷ್ಟೋ ಹಸ್ತಪ್ರತಿಗೆ ಎರಡನೇ ಪ್ರತಿ ಇರಲಿಲ್ಲ, ಅದಕ್ಕೂ!

ಆ ಪೆಟ್ಟು ತಿಂದ ಸಮಾಜ ಪಾಠ ಕಲಿತಿದೆ. 2003ರಲ್ಲಿ ಶುರುವಾದ ಪಂಜಾಬ್ ಡಿಜಿಟಲ್ ಲೈಬ್ರರಿ ಹಸ್ತಪ್ರತಿ, ಪತ್ರಿಕೆ, ಹಳೇ ಫೋಟೋಗಳನ್ನು ಡಿಜಿಟಲ್ ಮಾಡ್ತಾ ಬಂದಿದೆ. ಸಮುದಾಯದವರೇ ಬರೆದು, ತಾವೇ ತಿದ್ದುವ ಸಿಖ್ಖಿವಿಕಿಯಂಥ ಜಾಲತಾಣವೂ ಇದೆ. ಸಂಬಳವಿಲ್ಲದ ಕೆಲಸ. ಆದರೆ ಒಂದು ಕಟ್ಟಡ ಬಿದ್ದರೆ ಒಂದು ಜನಾಂಗದ ನೆನಪೇ ಹೋಗುವ ಕಾಲ ಮುಗೀಬೇಕು ಅನ್ನೋ ಹಟ ಅದರ ಹಿಂದಿದೆ.

ನಮ್ಮಲ್ಲೂ ಇಂಥವರಿದ್ದಾರೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಾಕಿ ಹುಡುಕುವಂತೆ ಮಾಡಿದ ‘ವಚನ ಸಂಚಯ’ ಸ್ವಯಂಸೇವಕರ ಕೆಲಸ. ಬೆಂಗಳೂರಿನ ಶಾಸನಗಳ ಹಿಂದೆ ಬಿದ್ದ ಉತ್ಸಾಹಿಗಳಿಂದಾಗಿ ಹೆಬ್ಬಾಳದಲ್ಲಿ 2018ರಲ್ಲಿ ಎಂಟನೇ ಶತಮಾನದ ಕಿತ್ತಯ್ಯನ ಕಲ್ಲು ಬೆಳಕಿಗೆ ಬಂತು. ಇವತ್ತು ಅದಕ್ಕೆ ಮಂಟಪ ಇದೆ. ಮಿಥಿಕ್ ಸೊಸೈಟಿಯ ಯೋಜನೆಯಲ್ಲಿ ಬೆಂಗಳೂರು ಸುತ್ತಲಿನ ಶಾಸನಗಳ ಮೂರು ಆಯಾಮದ ಸ್ಕ್ಯಾನ್ ಕೂಡ ಆಗಿದೆ. ಕಲ್ಲು ನಾಳೆ ಒಡೆದರೂ ಅಕ್ಷರ ಉಳಿಯುತ್ತೆ.

ಹಾಗಾದರೆ ರಾಂಪುರ, ಮೊಳಕಾಲ್ಮೂರು, ಚಳ್ಳಕೆರೆ ಸೀಮೆಗೆ ಯಾಕೆ ಬೇಡ? ಅಶೋಕನ ಬಂಡೆಗಾದರೂ ಸರ್ಕಾರದ ರಕ್ಷಣೆ ಇದೆ. ಬಾಯಲ್ಲಿರುವುದಕ್ಕೆ ಯಾರಿದ್ದಾರೆ? ಚಳ್ಳಕೆರೆ ಸೀಮೆಯ ಕಾಡುಗೊಲ್ಲರ ಸಿರಿಯಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಸಾವಿರಾರು ಪದ ಬಾಯಲ್ಲಿತ್ತು. ಕೃಷ್ಣಮೂರ್ತಿ ಹನೂರರು ಕೂತು ಕೇಳಿ ಬರೆದುಕೊಂಡರು, ಪುಸ್ತಕವಾಯ್ತು. ಹನೂರರು ಹೋಗದ ಹಟ್ಟಿಗಳ ಅಜ್ಜಿಯರ ಪದ ಎಲ್ಲಿದೆ? ಮ್ಯಾಸನಾಯಕರ ದೇವರ ಎತ್ತುಗಳ ಕಥೆ, ಮೊಳಕಾಲ್ಮೂರು ರೇಷ್ಮೆ ಸೀರೆ ನೇಯುವವರ ಕೈಯಲ್ಲಿರುವ ಬುಟ್ಟಾ, ಅಂಚುಗಳ ಲೆಕ್ಕ, ಇವೆಲ್ಲ ಹೇಳುವವರು ಇರೋವರೆಗೆ ಮಾತ್ರ.

ಜಾಲತಾಣ ಮಾಡೋದು ಇವತ್ತು ಕಷ್ಟವಲ್ಲ. ಉಳಿಸೋದು ಕಷ್ಟ. ಜಿಯೋಸಿಟೀಸ್ ಅಂತ ಒಂದಿತ್ತು. ಲಕ್ಷಾಂತರ ಜನ ಬಿಟ್ಟಿಯಾಗಿ ಪುಟ ಕಟ್ಟಿಕೊಂಡಿದ್ದರು. 2009ರಲ್ಲಿ ಯಾಹೂ ಕಂಪನಿ ಅದನ್ನು ಮುಚ್ಚಿಬಿಡ್ತು. ಬಾಡಿಗೆ ಮನೆಯಲ್ಲಿ ಅಜ್ಜನ ಪೆಟ್ಟಿಗೆ ಇಟ್ಟರೆ ಹಾಗೇ ಆಗೋದು. ಫೇಸ್‌ಬುಕ್ಕು, ವಾಟ್ಸಾಪು ಕೂಡ ಬಾಡಿಗೆ ಮನೆಯೇ.

ಅದಕ್ಕೇ ಊರಿನದ್ದೇ ಜಾಲತಾಣ ಬೇಕು. ಅದರ ವಿಳಾಸ ಒಬ್ಬ ಉತ್ಸಾಹಿ ಹುಡುಗನ ಹೆಸರಲ್ಲಿರಬಾರದು, ಸಂಘದ ಹೆಸರಲ್ಲಿರಬೇಕು. ಪಾಸ್‌ವರ್ಡ್ ಮೂವರಲ್ಲಿರಲಿ. ವರ್ಷ ವರ್ಷದ ಶುಲ್ಕಕ್ಕೆ ಜಾತ್ರೆಗೆ ಪಟ್ಟಿ ಹಾಕಿದ ಹಾಗೆ ಪಟ್ಟಿ ಹಾಕಿ. ಹಾಡಿದವರ ಹೆಸರು ಇರಲಿ, ಅವರ ಒಪ್ಪಿಗೆ ಇರಲಿ. ದೇವರ ಗುಡಿಯೊಳಗಿನ ಮಾತು ಹೊರಗೆ ಬೇಡ ಅಂದರೆ ಬೇಡ, ಅದನ್ನು ಹೇಳುವ ಹಕ್ಕು ಅವರದ್ದೇ. ಒಂದು ಪ್ರತಿ ಶಾಲೆಯಲ್ಲಿ, ಇನ್ನೊಂದು ಗ್ರಂಥಾಲಯದಲ್ಲಿ, ಮತ್ತೊಂದು ಇಂಟರ್ನೆಟ್ ಆರ್ಕೈವ್‌ನಲ್ಲಿ.

ಮೂರು ಪ್ರತಿ ಯಾಕೆ ಅಂತ ಕೇಳ್ತೀರಾ? ಅಶೋಕನ ಕಾಲದವರು ಒಂದೇ ಸೀಮೆಯಲ್ಲಿ ಮೂರು ಬಂಡೆಗೆ ಬರೆಸಿದರು. ಒಂದು ಸವೆಯಿತು, ಮಾತು ಉಳಿಯಿತು. ಅವರು ಮಾಡಲಾಗದೆ ಹೋದದ್ದು ಒಂದೇ, ಮುಂದಿನ ತಲೆಮಾರುಗಳಿಗೆಲ್ಲ ಅದನ್ನು ಓದಲು ಕಲಿಸುವುದು. ಆ ಕೆಲಸ ಈಗ ಆಗಬೇಕು. ರಾಂಪುರದ ಶಾಲೆ, ಕಾಲೇಜಿನ ಮಕ್ಕಳ ಕೈಯಲ್ಲಿ ಮೊಬೈಲ್ ಇದೆ, ಮನೆಯಲ್ಲಿ ಅಜ್ಜಿ ಇದ್ದಾರೆ. ರೆಕಾರ್ಡ್ ಬಟನ್ ಒತ್ತೋದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ. ಈ ಸಲ ನಮ್ಮ ಮಾತನ್ನು ನಾವೇ ಓದೋಣ.